ದಮ್ಮು, ದವಾಖಾನಿ, ಪುಂಡಿಪಲ್ಯ: ನಮ್ಮ ಮಾತಿನ ಜಮಾ-ಖರ್ಚು

ರಾವೂರದಾಗಿನ ನಮ್ಮ ಮನಿ ಪಡಸಾಲಿಯಿಂದ ಮಾತಾಡ್ಲಾಕತ್ತೀನಿ. ನಡುವ ಮಾಲಗಾಡಿ ಸಪ್ಪಳ ಕೇಳಿಸಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ವಾಡಿ ಜಂಕ್ಷನ್ ಇಲ್ಲೇ ಬಾಜೂಕ ಅದ. ಈ ಸಂಚಿಕೆಯಲ್ಲಿ ಯುದ್ಧ ಇಲ್ಲ, ಕೋಟೆ ಇಲ್ಲ. ನಮ್ಮ ಭಾಗದಲ್ಲಿ ದಿನಾ ಬಾಯಿಗೆ ಬರುವ ಹತ್ತಿಪ್ಪತ್ತು ಮಾತುಗಳ ಚರಿತ್ರೆ ಇದೆ. ಅರ್ಧ ಪುಸ್ತಕದ ಕನ್ನಡ, ಅರ್ಧ ಮನಿ ಕನ್ನಡ ಬರ್ತದ, ಅದಕ್ಕೂ ಕ್ಷಮಾ ಇರಲಿ. ಇದಕ್ಕೆಲ್ಲ ಕಾರಣ ನಮ್ಮ ಆಯಿ.

ಹೋದ ವರ್ಷ ಆಯಿಗೆ ಆರಾಮ ಇರಲಿಲ್ಲ. ನಾನು ಆಗ ದೂರದ ದೊಡ್ಡ ಊರಲ್ಲಿ ಕೆಲಸಕ್ಕಿದ್ದೆ. ಅಲ್ಲಿಗೇ ಕರೆಸಿಕೊಂಡು ಒಂದು ಆಸ್ಪತ್ರೆಗೆ ತೋರಿಸಿದೆವು. ನಾನು ಕೆಳಗೆ ಬಿಲ್ ಕಟ್ಟುವ ಸಾಲಿನಲ್ಲಿ ನಿಂತಿದ್ದೆ, ಆಯಿ ಒಬ್ಬಳೇ ಒಳಗೆ. ಡಾಕ್ಟರ್ ಸಣ್ಣ ವಯಸ್ಸಿನವರು, ಆ ಕಡೆಯ ಕನ್ನಡದವರು. "ಅಜ್ಜಿ, ಉಸಿರಾಡೋಕೆ ಕಷ್ಟ ಆಗುತ್ತಾ?" ಅಂತ ಕೇಳಿದ್ದಾರೆ. ಆಯಿ ಹೇಳಿದ್ದು ಹೀಗೆ: "ಇಲ್ಲಪಾ, ಉಸರೇನ ಭೇಷ್ ಆಡ್ತದ. ಜರಾ ನಡದ್ರ ದಮ್ ಹತ್ತತದ, ಅಷ್ಟ." ಅದಕ್ಕೆ ಡಾಕ್ಟರ ಮುಂದಿನ ಪ್ರಶ್ನೆ, "ದಿನಕ್ಕೆ ಎಷ್ಟು ಬೀಡಿ ಸೇದ್ತೀರಾ?"

ಅವರ ಊರಲ್ಲಿ ದಮ್ಮು ಹೊಡೆಯುವ ವಸ್ತು, ನಮ್ಮೂರಲ್ಲಿ ಹತ್ತುವ ವಸ್ತು. ಜನ್ಮದಲ್ಲಿ ಬೀಡಿ ಮುಟ್ಟದ ಆಯಿಗೆ ಸಿಟ್ಟು ಬಂತು. ಆಮೇಲೆ ಯಾವ ಪ್ರಶ್ನೆಗೂ ಆಕೆ ಸರಿಯಾಗಿ ಬಾಯಿ ಬಿಡಲಿಲ್ಲ. ಚೀಟಿ ಮೇಲೆ ಉಸಿರಾಟದ ತೊಂದರೆ ಇಲ್ಲ ಅಂತ ಬರೆದಿತ್ತು. ನಾನೂ ಅದನ್ನು ಓದಿ ಸಮಾಧಾನ ಪಟ್ಟುಕೊಂಡೆ, ಆ ಮೂರ್ಖತನ ನನ್ನದೇ. ಊರಿಗೆ ವಾಪಸ್ ಬಂದ ಮೂರನೇ ವಾರ, ಒಂದು ರಾತ್ರಿ ಆಕೆಗೆ ಮಲಗಲಿಕ್ಕೆ ಆಗಲಿಲ್ಲ. ಗೋಡೆಗೆ ಆನಿಕೊಂಡು ಕೂತವಳನ್ನು ಹಾಗೇ ಗಾಡಿಗೆ ಹಾಕಿಕೊಂಡು ಕಲಬುರಗಿಗೆ ಓಡಿದೆವು. ಅಲ್ಲಿದ್ದ ಡಾಕ್ಟರ್ ಈ ಕಡೆಯವರೇ. ಬಾಗಿಲಲ್ಲೇ ನೋಡಿ, "ದಮ್ ಎಂದಿಂದ ಹತ್ತಲಾಕತ್ತದ ಆಯಿ?" ಅಂದರು. ಎದೆಯಲ್ಲಿ ನೀರು ತುಂಬಿತ್ತು. ಒಂಬತ್ತು ದಿನ ಅಲ್ಲೇ ಇದ್ದು ಆರಾಮಾಗಿ ಬಂದಳು. ಈಗ ಒಳಗೆ ಕೂತು ತೊಗರಿ ಬ್ಯಾಳಿ ಹಸನ ಮಾಡ್ಲಾಕತ್ತಾಳ.

ಆ ಒಂಬತ್ತು ದಿನ ದವಾಖಾನಿ ಕಟ್ಟೆ ಮೇಲೆ ಕೂತು ನಾನು ಒಂದು ನೋಟ್‌ಬುಕ್ಕಿನಲ್ಲಿ ಆಯಿಯ ಮಾತುಗಳನ್ನು ಬರೆಯಲು ಶುರು ಮಾಡಿದೆ. ನಾನು ಭಾಷೆ ಓದಿದವನಲ್ಲ, ಬಿ.ಕಾಂ. ಲೆಕ್ಕದ ಪುಸ್ತಕದ ರೂಢಿಯಂತೆ ಎಡಕ್ಕೆ ಮಾತು, ಬಲಕ್ಕೆ ಅದು ಎಲ್ಲಿಂದ ಬಂತು ಅಂತ ಎರಡು ಕಾಲಂ ಹಾಕಿದೆ. ಬಲಗಡೆ ಕಾಲಂ ತುಂಬಿಸಲು ಹೋದಾಗ ಚರಿತ್ರೆಗೆ ಬಿದ್ದೆ.

ಮೊದಲ ಮಾತು ದಮ್. ಫಾರಸಿಯಲ್ಲಿ ಅದಕ್ಕೆ ಉಸಿರು ಅಂತಲೇ ಅರ್ಥ. ಬಿರ್ಯಾನಿಯನ್ನು ದಮ್‌ಗೆ ಇಡುವುದೂ ಅದೇ ದಮ್, ಪಾತ್ರೆ ಬಾಯಿ ಕಟ್ಟಿ ಅದರ ಉಸಿರಲ್ಲೇ ಅದನ್ನು ಬೇಯಿಸುವುದು. "ದಮ್ ಇದ್ರೆ ಬಾ" ಅಂತ ಸಿನಿಮಾದ ಹೀರೋ ಕೂಗುವುದೂ ಅದೇ. ಅಂದರೆ ಆ ಡಾಕ್ಟರಿಗೆ ಈ ಮಾತು ಗೊತ್ತಿತ್ತು, ಅಷ್ಟೇ ಅಲ್ಲ, ದಿನಾ ಬಳಸುತ್ತಿದ್ದರು. ಅರ್ಥದ ಒಂದು ಕೋಣೆ ಮಾತ್ರ ಅವರ ಮನೆಯಲ್ಲಿ ಮುಚ್ಚಿತ್ತು.

ಎರಡನೇ ಮಾತು ದವಾಖಾನಿ. ನಾನು ಮೊದಲ ನೌಕರಿಗೆ ಸೇರಿದಾಗ ಒಬ್ಬ ಗೆಳೆಯ ಬಹಳ ಪ್ರೀತಿಯಿಂದಲೇ ತಿದ್ದಿದ್ದ: "ದವಾಖಾನೆ ಉರ್ದು ಕಣೋ, ಕನ್ನಡದಲ್ಲಿ ಆಸ್ಪತ್ರೆ ಅನ್ನು." ನಾನೂ ತಿದ್ದಿಕೊಂಡೆ. ನೋಟ್‌ಬುಕ್ ತುಂಬಿಸುವಾಗ ನೋಡಿದರೆ ದವಾ ಅರಬ್ಬಿಯಿಂದ ಬಂದದ್ದು, ಖಾನಾ ಫಾರಸಿಯದು, ಅದು ಸರಿ. ಆಸ್ಪತ್ರೆ? ಅದು ಹಾಸ್ಪಿಟಲ್! ಇಂಗ್ಲಿಷಿನ ಮಾತನ್ನು ಕನ್ನಡದ ನಾಲಿಗೆ ತನಗೆ ಬೇಕಾದಂತೆ ತಿರುಗಿಸಿಕೊಂಡದ್ದು. ಒಂದು ಪರದೇಶಿ ಮಾತನ್ನು ಬಿಟ್ಟು ಇನ್ನೊಂದು ಪರದೇಶಿ ಮಾತನ್ನು ಹಿಡಿದು ನಾನು ಇಷ್ಟು ವರ್ಷ ಶುದ್ಧ ಕನ್ನಡಿಗ ಆಗಿದ್ದೆ.

ಇಲ್ಲಿ ಜರಾ ನಮ್ಮ ಊರಿನ ಭೂಗೋಳ ಹೇಳಬೇಕು. ವಾಡಿಯಲ್ಲಿ ಎರಡು ರೈಲು ಹಳಿ ಕೂಡುತ್ತವೆ. ಒಂದು ಮುಂಬೈ ಕಡೆಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ ಮೇಲೆ ಹಾದು ರಾಯಚೂರಿಗೆ ಹೋಗುವ ಬ್ರಿಟಿಷರ ಕಂಪನಿಯ ಹಳಿ, 1871ರಲ್ಲಿ ಅದು ರಾಯಚೂರು ಮುಟ್ಟಿತು. ಇನ್ನೊಂದು ನಿಜಾಮರ ಹಳಿ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ. ಈ ಎರಡನೇ ಹಳಿ ಹಿಡಿದು ಹೊರಟರೆ ಚಿತ್ತಾಪುರ, ಆಮೇಲೆ ಮಳಖೇಡ ರೋಡ್, ಸೇಡಂ, ಮುಂದೆ ತೆಲಂಗಾಣದ ತಾಂಡೂರ. ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಕೂತವರು ಕಿಟಕಿ ಹೊರಗೆ ನೋಡುವುದೂ ಇಲ್ಲ. ಆದರೆ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾ ನದಿ ದಂಡೆಯ ರಾಜಧಾನಿ. ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ಶ್ರೀವಿಜಯ 'ಕವಿರಾಜಮಾರ್ಗ' ಬರೆದದ್ದು ಅಲ್ಲಿಯ ಕಾಲದಲ್ಲಿ. ಕನ್ನಡದಲ್ಲಿ ನಮಗೆ ಸಿಕ್ಕ ಅತಿ ಹಳೆಯ ಗ್ರಂಥ.

ನಮ್ಮ ಭಾಗದ ವೇದಿಕೆಗಳಲ್ಲಿ ಭಾಷಣ ಮಾಡುವವರು ಇದನ್ನು ಹೇಳದೆ ಕೂಡುವುದಿಲ್ಲ: ಕನ್ನಡದ ಮೊದಲ ಪುಸ್ತಕ ನಮ್ಮ ನೆಲದ್ದು! ಖರೇ ಅದ. ಆದರೆ ಅದೇ ಪುಸ್ತಕದಲ್ಲಿ ಇನ್ನೆರಡು ಸಂಗತಿ ಇವೆ, ಅವನ್ನು ಯಾರೂ ಹೇಳುವುದಿಲ್ಲ. ಒಂದು, ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಕವಿ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನ ನಾಡನ್ನು. ಈಗಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಮಾನ್ಯಖೇಟ ಆ ಪಟ್ಟಿಯಲ್ಲಿ ಇಲ್ಲ ನೋಡ್ರಿ! ರಾಜಧಾನಿಯಲ್ಲೇ ಕೂತು ಬರೆದವನು ರಾಜಧಾನಿಯ ಮಾತನ್ನು ಮಾದರಿ ಅನ್ನಲಿಲ್ಲ. ಅಂದರೆ ನಮ್ಮ ಕಡೆಯ ಕನ್ನಡ ಸುಮಾರು ಸಾವಿರದ ಇನ್ನೂರು ವರ್ಷದಿಂದಲೂ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಿಲ್ಲ. ಎರಡನೆಯದು, ಕನ್ನಡದಲ್ಲಿ ದೇಸಿ ಊರಿಗೊಂದು ಥರ ಇರುವುದರಿಂದ ಇದು ತಪ್ಪು, ಇದು ಒಪ್ಪು ಅಂತ ಪೂರ್ತಿ ತಿಳಿಯುವುದು ವಾಸುಕಿಗೂ ಆಗದ ಕೆಲಸ, ಅವನಿಗೂ ಬೇಸರ ಬಂದೀತು ಅನ್ನುತ್ತಾನೆ. ಸಾವಿರ ನಾಲಿಗೆಯ ಹಾವಿಗೇ ಆಗದ್ದನ್ನು ನಮ್ಮ ಶಾಲೆಯ ಕೆಂಪು ಪೆನ್ನು ಮಾಡಲು ಹೊರಟಿತ್ತು. ಆ ಮಾತಿಗೆ ಆಮೇಲೆ ಬರ್ತೀನಿ.

ಫಾರಸಿ, ಅರಬ್ಬಿ ಮಾತು ಬಂದದ್ದು ಹೇಗೆ? ನಿಜಾಮರು ತಂದರು ಅನ್ನುವುದು ಸುಲಭದ ಉತ್ತರ. ಪೂರ್ತಿ ಸರಿ ಅಲ್ಲ. 1347ರಲ್ಲಿ ಕಲಬುರಗಿ ಬಹಮನಿಯರ ರಾಜಧಾನಿ ಆಯಿತು. 1400ರ ಆಸುಪಾಸು ಬಂದೇ ನವಾಜ್ ದೆಹಲಿ ಬಿಟ್ಟು ಬಂದು ಇಲ್ಲಿ ನೆಲೆಸಿದರು. ಸೈನಿಕರು, ವ್ಯಾಪಾರಿಗಳು, ಕುಶಲಕರ್ಮಿಗಳು, ಸೂಫಿಗಳು, ಇವರೆಲ್ಲರ ಬಾಯಲ್ಲಿ ಉತ್ತರದ ಮಾತು ಬಂದು ಇಲ್ಲಿಯ ಮರಾಠಿ, ತೆಲುಗು, ಕನ್ನಡದ ಜೊತೆ ಬೆರೆತು ದಖ್ಖನಿ ಆಯಿತು. ಆಮೇಲೆ ಬಿಜಾಪುರದ ಆದಿಲಶಾಹಿ, ಮೊಗಲರು, 1724ರಿಂದ ನಿಜಾಮರು. ಸಂತೆಯಲ್ಲಿ, ಕಚೇರಿಯಲ್ಲಿ, ಪಕ್ಕದ ಮನೆಯಲ್ಲಿ ಆರುನೂರು ವರ್ಷ ಕೇಳಿದ ಮಾತು ಇವು. ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ಫಾರಸಿ ಹೋಗಿ ಉರ್ದು ಬಂದದ್ದು 1880ರ ದಶಕದಲ್ಲಿ ಮಾತ್ರ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿ ವಿಜ್ಞಾನವನ್ನೂ ಕಾನೂನನ್ನೂ ಉರ್ದುವಿನಲ್ಲೇ ಕಲಿಸಿದರು. ಸಂಸ್ಥಾನದಲ್ಲಿ ಅರ್ಧದಷ್ಟು ಮಂದಿ ತೆಲುಗಿನವರು, ಕಾಲು ಭಾಗ ಮರಾಠಿಯವರು, ನಾವು ಕನ್ನಡದವರು ನೂರಕ್ಕೆ ಹನ್ನೆರಡರ ಹತ್ತಿರ. ನಮ್ಮ ಮುತ್ಯಾ ಕನ್ನಡದವನು, ಆದರೆ ಸಹಿ ಉರ್ದುವಿನಲ್ಲಿ ಮಾಡುತ್ತಿದ್ದ.

ಮುತ್ಯಾನ ಹೆಸರಿನ ಒಂದು ಹಳೆ ಹೊಲದ ಕಾಗದ ನಮ್ಮ ಟ್ರಂಕಿನಲ್ಲಿತ್ತು. ಉರ್ದು ಲಿಪಿ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಹೊಲದ ಪಾಲಿನ ಮಾತು ಬಂದಾಗ ಅದನ್ನು ಓದಿಸಬೇಕಾಯಿತು. ಶಹಾಬಾದದ ಒಬ್ಬ ನಿವೃತ್ತ ಉರ್ದು ಮಾಸ್ತರರ ಮನೆಗೆ ನಾನು, ಆಯಿ ಹೋದೆವು. ಅವರು ಕನ್ನಡಕ ಏರಿಸಿ ನಿಧಾನಕ್ಕೆ ಓದುತ್ತಾ ಹೋದರು. ಖುಷ್ಕಿ, ತರಿ, ಬಾಗಾಯತ, ರಖಬಾ, ವಾರಸ, ಗಿರ್ದಾವರ... ಓದಲು ಬಾರದ ಆಯಿ ಪ್ರತಿ ಮಾತಿಗೂ "ಹೂಂ, ಹೌದು, ಮುಂದ" ಅನ್ನುತ್ತಿದ್ದಳು. ಆಕೆಗೆ ಅರ್ಧಕ್ಕಿಂತ ಹೆಚ್ಚು ತಿಳಿಯಿತು, ನನಗೆ ತಿಳಿಯಲಿಲ್ಲ. ಖುಷ್ಕಿ ಅಂದರೆ ಮಳೆ ನಂಬಿದ ಹೊಲ, ತರಿ ಅಂದರೆ ನೀರಾವರಿ. ತಾರೀಖು 1356 ಅಂತಿತ್ತು. ನಾನು ಗಾಬರಿ, ಬಹಮನಿ ಕಾಲದ ಹೊಲವೇ? ಮಾಸ್ತರು ನಕ್ಕರು. ಅದು ಫಸಲಿ ವರ್ಷ, 590 ಕೂಡಿಸು ಅಂದರು. 1946. ಬೆಳೆಯ ಹಂಗಾಮಿಗೆ ತಕ್ಕಂತೆ ಕಂದಾಯ ವಸೂಲಿಗೆ ಮಾಡಿಕೊಂಡ ಲೆಕ್ಕದ ವರ್ಷ ಅದು, ನಮ್ಮ ಏಪ್ರಿಲ್-ಮಾರ್ಚ್ ಹಣಕಾಸು ವರ್ಷ ಇದ್ದ ಹಾಗೆ. ಕಾಮರ್ಸಿನವನಿಗೆ ಇದು ತಕ್ಷಣ ಹೊಳೆಯಬೇಕಿತ್ತು. ಇವತ್ತೂ ಈ ಭಾಗದ ಎಷ್ಟು ಮನೆಗಳ ಹೊಲದ ಹಕ್ಕು ಇಂಥ ಕಾಗದದಲ್ಲಿ ಮಲಗಿದೆ! ಓದುವವರು ವರ್ಷಕ್ಕೆ ಒಬ್ಬಿಬ್ಬರಂತೆ ಕಮ್ಮಿ ಆಗುತ್ತಿದ್ದಾರೆ.

ದುಡ್ಡಿನ ಮಾತೂ ಹಾಗೇ. ಹೈದರಾಬಾದಿಗೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಇಲ್ಲಿ ಕಲ್ದಾರ್ ಅಂತಿದ್ದರು, ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಅಚ್ಚಾದದ್ದು. ಸುಮಾರು ಏಳು ಹಾಲಿಗೆ ಆರು ಕಲ್ದಾರ್. ವಾಡಿಯಂಥ ಊರಲ್ಲಿ ಒಂದು ಗಾಡಿ ಇಳಿದು ಇನ್ನೊಂದು ಹತ್ತುವವರ ತಲೆಯಲ್ಲಿ ಎರಡು ಚಲಾವಣೆಯ ಲೆಕ್ಕ ಓಡುತ್ತಿತ್ತು. 1948ರ ನಂತರವೂ ಹಾಲಿ ಸಿಕ್ಕಾ ತಕ್ಷಣ ಹೋಗಲಿಲ್ಲ, 1950ರಿಂದ ಭಾರತದ ರೂಪಾಯಿ ಜೊತೆ ಜೊತೆಗೇ ನಡೆದು 1959ಕ್ಕೆ ಮುಗಿಯಿತು. ಮುತ್ಯಾ ಮಾತ್ರ ಕೊನೆಯ ತನಕ ರೂಪಾಯಿ ನಾಣ್ಯಕ್ಕೆ ಕಲ್ದಾರ್ ಅಂತಲೇ ಅನ್ನುತ್ತಿದ್ದ.

ನಮ್ಮ ಕಡೆಯ ಅಡ್ಡಹೆಸರು ಕೇಳಿ ಹೊರಗಿನವರು ನಗುವುದುಂಟು. ಮಾಲಿಪಾಟೀಲ ಅಂದ ಕೂಡಲೇ, "ನಿಮ್ಮ ಮನೆತನದವರು ತೋಟಗಾರರಾ?" ಮಾಲ್ ಅಂದರೆ ಇಲ್ಲಿ ಕಂದಾಯ. ಊರಿಗೆ ಇಬ್ಬರು ಪಾಟೀಲರು: ಕಂದಾಯ ನೋಡುವವರು ಮಾಲಿಪಾಟೀಲ, ಬಂದೋಬಸ್ತು ನೋಡುವವರು ಪೊಲೀಸ್ ಪಾಟೀಲ. ಹುದ್ದೆ ಹೋಗಿ ಎಷ್ಟೋ ವರ್ಷ ಆಯಿತು, ಆಧಾರ್ ಕಾರ್ಡಿನಲ್ಲಿ ಉಳಿದಿದೆ.

ಇದೆಲ್ಲ ಕೇಳಿ ಕೆಲವರು ಅನ್ನಬಹುದು, ನಿಮ್ಮದು ಉರ್ದು ಬೆರೆತ ಕನ್ನಡ ಅಂತ ನೀವೇ ಒಪ್ಪಿಕೊಂಡಿರಲ್ಲ. ಒಪ್ಪಿದೆ. ಈಗ ನಿಮ್ಮ ಕಿರ್ದಿ ತೆಗೀರಿ. ಜಮಾ, ಖರ್ಚು, ಬಾಕಿ, ಅಸಲು, ನಕಲು, ವಸೂಲಿ, ರಸೀದಿ, ಅರ್ಜಿ, ಜಮೀನು, ಜಾಮೀನು, ತಾಲೂಕು, ಜಿಲ್ಲೆ, ತಹಶೀಲ್ದಾರ, ಕೊನೆಗೆ ರೈತ ಅನ್ನುವ ಮಾತೂ ಸೇರಿ, ಎಲ್ಲವೂ ಅದೇ ದಾರಿಯಲ್ಲಿ ಬಂದವು. ಮೈಸೂರಿಗೆ ಹೈದರ್-ಟಿಪ್ಪು ಕಚೇರಿಯಿಂದ, ಧಾರವಾಡಕ್ಕೆ ಮರಾಠರ ಕಚೇರಿಯಿಂದ, ನಮಗೆ ನಿಜಾಮರ ಕಚೇರಿಯಿಂದ. ಇವನ್ನು ತೆಗೆದುಹಾಕಿ ಬೀದರಿನಿಂದ ಚಾಮರಾಜನಗರದ ತನಕ ಒಬ್ಬ ಅಂಗಡಿಯವನು ಒಂದು ದಿನದ ಲೆಕ್ಕ ಬರೆದು ತೋರಿಸಲಿ. ಅವರ ಮಾತು ಪುಸ್ತಕಕ್ಕೆ ಹೋಯಿತು, ನಮ್ಮದು ಬಾಯಲ್ಲಿ ಉಳಿಯಿತು, ವ್ಯತ್ಯಾಸ ಅಷ್ಟೇ.

ಉರ್ದು ಅಂದರೆ ಈ ಭಾಗದ ಹಿರಿಯರು ಯಾಕೆ ಮುಖ ಸಿಂಡರಿಸುತ್ತಾರೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ರಜಾಕಾರ ಅನ್ನುವ ಮಾತಿಗೆ ಉರ್ದು ನಿಘಂಟಿನಲ್ಲಿ ಸ್ವಯಂಸೇವಕ ಅಂತ ಅರ್ಥ. 1947-48ರಲ್ಲಿ ಊರು ಬಿಟ್ಟು ಓಡಿದವರ ಮನೆಯಲ್ಲಿ ಆ ಅರ್ಥ ಹೇಳಿ ನೋಡ್ರಿ. 1948ರ ಸೆಪ್ಟೆಂಬರ್ 17ರ ತನಕದ ಒಂದು ವರ್ಷ ಆ ಮಾತಿಗೆ ಬೇರೆಯದೇ ಅರ್ಥ ಬರೆದಿತು, ಅದನ್ನು ಯಾವ ನಿಘಂಟೂ ಅಳಿಸಲು ಆಗುವುದಿಲ್ಲ. ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಮನೆಗಳಲ್ಲಿ ಏನಾಯಿತು ಅನ್ನುವುದಕ್ಕೂ ಒಂದು ಮಾತಿನ ಭಂಡಾರ ಇದೆ, ಅದನ್ನು ನಾವು ಕೇಳಿಸಿಕೊಂಡದ್ದು ಕಮ್ಮಿ. ಹಾಗೇ ಹಳೆ ಮಾತೆಲ್ಲ ಚಲೋ ಅಂತಲೂ ನನಗೆ ಅನ್ನಿಸುವುದಿಲ್ಲ. "ಬಿಟ್ಟಿ ಸಿಕ್ತು" ಅಂತ ಖುಷಿಯಿಂದ ಹೇಳುತ್ತೇವಲ್ಲ, ಅದು ಸಂಸ್ಕೃತದ ವಿಷ್ಟಿ, ಕೂಲಿ ಇಲ್ಲದ ಬಲವಂತದ ದುಡಿಮೆ. ಉರ್ದುವಿನಲ್ಲಿ ಅದೇ ಬೇಗಾರಿ. ಯಾರು ದುಡಿದರೋ ಅವರಿಗೆ ಅದು ಬಿಟ್ಟಿ ಆಗಿರಲಿಲ್ಲ.

ಈಗ ಅಡುಗೆ ಮನೆಗೆ ಬರೋಣ, ಅಲ್ಲಿ ಕಥೆ ಇನ್ನೂ ರುಚಿ ಅದ. ನಮ್ಮ ಪುಂಡಿಪಲ್ಯ ಮೈಸೂರು ಕಡೆಯ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ, ಗೋಂಗುರ ಅಂದರೆ ಸಿಗುತ್ತದೆ. ತಾಂಡೂರ ಕಡೆ ಹೋದರೆ ಪುಂಟಿಕೂರ, ಸೊಲ್ಲಾಪುರ ಕಡೆ ಹೋದರೆ ಅಂಬಾಡಿ. ಸೊಪ್ಪು ಒಂದೇ, ಹುಳಿ ಒಂದೇ. ಶೇಂಗಾ ನೋಡ್ರಿ: ಮರಾಠಿಯಲ್ಲಿ ಶೇಂಗ ಅಂದರೆ ಬರೀ ಕಾಯಿ, ಸಿಪ್ಪೆ. ದಕ್ಷಿಣ ಅಮೆರಿಕದಿಂದ ಬಂದ ಬೆಳೆಗೆ ಹೆಸರಿಡಲು ಯಾರಿಗೂ ಪುರುಸೊತ್ತು ಇರಲಿಲ್ಲ, ಕಾಯಿ ಅಂದರು, ಅದೇ ನಿಂತಿತು. ಮೈಸೂರಿನವರು ಕಡಲೆಯ ಹೆಸರನ್ನೇ ಅದಕ್ಕೆ ಕೊಟ್ಟು ಕಡಲೆಕಾಯಿ ಮಾಡಿದರು. ಮೆಕ್ಕೆಜೋಳ ನಮ್ಮಲ್ಲಿ, ಧಾರವಾಡದಲ್ಲಿ ಗೋವಿನಜೋಳ, ಮೈಸೂರಿನಲ್ಲಿ ಮುಸುಕಿನ ಜೋಳ.

ಈ ಮೆಕ್ಕೆಜೋಳದ ಹಿಂದೆ ಹೋದಾಗ ನಾನು ಕೆರಿಬಿಯನ್ ದ್ವೀಪಗಳಿಗೆ ಮುಟ್ಟಿದೆ. ಇಂಗ್ಲಿಷಿನ ಮೇಜ್ ಅನ್ನುವ ಮಾತು ಅಲ್ಲಿಯ ಟೈನೋ ಜನರದ್ದು. 1492ರಲ್ಲಿ ಕೊಲಂಬಸ್ ಮೊದಲು ಕಂಡದ್ದು ಅವರನ್ನೇ. ಆ ಜನ ರೋಗಕ್ಕೆ, ದುಡಿಮೆಗೆ, ಕತ್ತಿಗೆ ಬಹುಪಾಲು ನಾಶವಾದರು. ಆದರೆ ಅವರ ದಿನಬಳಕೆಯ ಮಾತು ಜಗತ್ತೆಲ್ಲ ಹರಡಿತು: ಹರಿಕೇನ್, ಕೆನೂ, ಹ್ಯಾಮಕ್, ಬಾರ್ಬೆಕ್ಯೂ. ಇನ್ನೊಂದು ಬಟಾಟ. ಟೈನೋ ಜನ ಗೆಣಸಿಗೆ ಹಾಗೆ ಅನ್ನುತ್ತಿದ್ದರು. ಪೋರ್ಚುಗೀಸರ ಬಾಯಿಗೆ ಬಿದ್ದು, ಗೆಣಸು ಬಿಟ್ಟು ಆಲೂಗಡ್ಡೆಗೆ ಅಂಟಿ, ಗೋವಾ-ಮುಂಬೈ ಮೇಲೆ ಹಾದು ಬೆಳಗಾವಿ, ಧಾರವಾಡದ ಬಟಾಟಿ ಆಯಿತು. ಧಾರವಾಡದ ನನ್ನ ರೂಮ್‌ಮೇಟ್ ಬಟಾಟಿ ಅಂದಾಗ ನಾನು ನಗುತ್ತಿದ್ದೆ, ಅವನು ನನ್ನ ಆಲೂಗಡ್ಡಿಗೆ ನಗುತ್ತಿದ್ದ. ಅಳಿದು ಹೋದ ಒಂದು ಜನಾಂಗದ ಮಾತಿನ ಮೇಲೆ ನಗುತ್ತಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ.

ಆ ದ್ವೀಪಗಳಲ್ಲಿ ಈಗಲೂ ನಮ್ಮದೇ ಪಜೀತಿ ಇದೆ. ಒಂದು ಸಣ್ಣ ಹಸಿರು ಸಿಪ್ಪೆಯ ಹಣ್ಣು, ಜಮೈಕಾದಲ್ಲಿ ಗಿನೆಪ್, ಟ್ರಿನಿಡಾಡಿನಲ್ಲಿ ಶೆನೆಟ್, ಬಾರ್ಬಡೋಸಿನಲ್ಲಿ ಆಕಿ. ಜಮೈಕಾದವರಿಗೆ ಆಕಿ ಅಂದರೆ ಬೇರೆಯೇ ಒಂದು ಹಣ್ಣು, ಉಪ್ಪು ಮೀನಿನ ಜೊತೆ ಬೇಯಿಸಿ ತಿನ್ನುವ ಅವರ ರಾಷ್ಟ್ರೀಯ ಊಟ. ಅದು ಪೂರ್ತಿ ಬಲಿತು ತಾನಾಗಿ ಬಿರಿಯುವ ಮುಂಚೆ ತಿಂದರೆ ವಿಷ, ಪ್ರಾಣ ಹೋಗಬಹುದು. ಅಂದಮೇಲೆ ಅಲ್ಲಿ ಯಾವ ಊರಿನವರ ಬಾಯಲ್ಲಿ ಯಾವ ಹಣ್ಣಿಗೆ ಯಾವ ಹೆಸರು ಅನ್ನುವುದು ತಮಾಷೆಯ ಮಾತಲ್ಲ. ಗಯಾನಾದಲ್ಲಿ ಹುಟ್ಟಿದ ರಿಚರ್ಡ್ ಆಲ್ಸಪ್ ಅನ್ನುವ ಮೇಷ್ಟ್ರು ಹಲವು ದಶಕ ಇಂಥ ಮಾತುಗಳನ್ನು ಕೂಡಿಹಾಕಿದರು. ಯಾವ ಮಾತು ಯಾವ ದ್ವೀಪದ್ದು ಅಂತ ಗುರುತು ಹಾಕಿದ ಅವರ ಕೆರಿಬಿಯನ್ ಇಂಗ್ಲಿಷ್ ನಿಘಂಟನ್ನು 1996ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಲಂಡನ್ನಿನ ಇಂಗ್ಲಿಷಿಗೆ ಹೋಲಿಸಿ ಇದು ತಪ್ಪು ಅಂತ ಆತ ಬರೆಯಲಿಲ್ಲ, ಇಲ್ಲಿ ಹೀಗೆ ಅನ್ನುತ್ತಾರೆ ಅಂತ ಬರೆದರು.

ನಮ್ಮಲ್ಲಿ ಯಾರೂ ಮಾಡಿಲ್ಲ ಅಂತ ಗೊಣಗಬೇಕು ಅಂತಿದ್ದೆ. ಆದರೆ ಮಾಡಿದ್ದಾರೆ. ಆರ್. ಮಹಾದೇವನ್ ಅನ್ನುವವರು 'ಗುಲ್ಬರ್ಗಾ ಕನ್ನಡ' ಅಂತ ಧ್ವನಿ ಮತ್ತು ಪದಕೋಶದ ಅಧ್ಯಯನ ಮಾಡಿದ್ದಾರೆ, 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ನಮ್ಮ ಆಯಿಯ ಮಾತು ಪುಣೆಯ ಗ್ರಂಥಾಲಯದಲ್ಲಿ ಇಂಗ್ಲಿಷಿನಲ್ಲಿ ಕೂತಿದೆ, ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಇರಲಿಲ್ಲ.

ಶಾಲೆ ಅಂದೆನಲ್ಲ, ಆ ಕೆಂಪು ಪೆನ್ನಿನ ಮಾತು. ಐದನೇ ಇಯತ್ತೆಯಲ್ಲಿ "ನಮ್ಮೂರ ಸಂತೆ" ಅಂತ ನಿಬಂಧ ಬರೆಯಲು ಕೊಟ್ಟಿದ್ದರು. ನಾನು ಉಳ್ಳಾಗಡ್ಡಿ ಅಂತ ಬರೆದದ್ದಕ್ಕೆ ಕೆಂಪು ಸುತ್ತು ಬಿತ್ತು, ಪಕ್ಕದಲ್ಲಿ ಈರುಳ್ಳಿ, ಒಂದು ಮಾರ್ಕು ಕಟ್. ಅದು "ಸಾಬರ ಮಾತು" ಅಂತ ಬೇರೆ ಹೇಳಿಸಿಕೊಂಡೆ. ಉಳ್ಳಿ ಪ್ಲಸ್ ಗಡ್ಡೆ, ಉಳ್ಳಾಗಡ್ಡಿ! ಈರುಳ್ಳಿಯಲ್ಲಿ ಇರುವುದೂ ಅದೇ ಉಳ್ಳಿ, ಬೆಳ್ಳುಳ್ಳಿಯಲ್ಲಿ ಇರುವುದೂ ಅದೇ. ಒಂದಿಷ್ಟೂ ಉರ್ದು ಇಲ್ಲ, ಸಂಸ್ಕೃತವೂ ಇಲ್ಲ. ಗಡಿ ದಾಟಿದರೆ ತೆಲಂಗಾಣದಲ್ಲೂ ಉಲ್ಲಿಗಡ್ಡ. ಆ ಒಂದು ಮಾರ್ಕು ನನಗೆ ಇನ್ನೂ ಬಾಕಿ ಇದೆ, ವಸೂಲಿ ಆಗಿಲ್ಲ. ಮಾಸ್ತರರದು ಪೂರ್ತಿ ತಪ್ಪಲ್ಲ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿಗೆ ಪಠ್ಯಪುಸ್ತಕ ಬಂದದ್ದು ಬೆಂಗಳೂರಿನಿಂದ. ಪುಸ್ತಕದಲ್ಲಿ ಇಲ್ಲದ್ದು ಕನ್ನಡ ಅಲ್ಲ ಅನ್ನುವುದು ಅವರಿಗೂ ಯಾರೋ ಕಲಿಸಿದ್ದು.

ಅದೇ 1956ರಲ್ಲಿ ಇನ್ನೊಂದು ತಮಾಷೆ ಆಯಿತು. ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರ, ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಹೋದವು. ಆದರೆ ನೆಲದ ಕೆಳಗಿನ ಕಲ್ಲಿನ ಪದರಕ್ಕೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ. ಇಲ್ಲಿ ತೆಗೆದರೆ ಶಹಾಬಾದ ಕಲ್ಲು, ಅಲ್ಲಿ ತೆಗೆದರೆ ತಾಂಡೂರ ಕಲ್ಲು. ಪದರ ಪದರವಾಗಿ ಬಿಚ್ಚಿಕೊಳ್ಳುವ ಸುಣ್ಣಕಲ್ಲು, ಚಾಣ ಇಟ್ಟು ಸುತ್ತಿಗಿಯಿಂದ ಏಟು ಕೊಟ್ಟರೆ ಪುಸ್ತಕದ ಹಾಳೆಯಂತೆ ಏಳುತ್ತದೆ. ನಮಗದು ಫರ್ಸಿ. ಅರಬ್ಬಿಯ ಫರ್ಶ್ ಅಂದರೆ ನೆಲದ ಮೇಲೆ ಹಾಸಿದ್ದು, ಕನ್ನಡದ ಹಾಸುಗಲ್ಲಿಗೂ ಅದೇ ಅರ್ಥ. ಪುಣೆ, ಮುಂಬೈಯ ಹಳೆ ಮನೆಗಳಲ್ಲಿ ನೆಲ ತೋರಿಸಿ ಶಹಾಬಾದಿ ಅಂದರೆ ಸಾಕು, ಅದೊಂದು ಊರಿನ ಹೆಸರು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಮಾರುವುದು ಬ್ರಾಸ್ ಲೆಕ್ಕದಲ್ಲಿ. ಹಾಸುಗಲ್ಲಾದರೆ ಒಂದು ಬ್ರಾಸ್ 100 ಚದರ ಅಡಿ, ಉಸುಕಾದರೆ 100 ಘನ ಅಡಿ.

ಆಯಿ ಇಪ್ಪತ್ತು ವರ್ಷ ಫರ್ಸಿ ಖಣಿಯಲ್ಲಿ ದುಡಿದವಳು, ತಲೆ ಮೇಲೆ ಕಲ್ಲಿನ ಚೂರು ಹೊತ್ತವಳು. ಆ ದೂಳು ಎದೆಯಲ್ಲಿ ಎಷ್ಟು ಕೂತಿದೆಯೋ. ದಮ್ ಅನ್ನುವ ಮಾತನ್ನು ಆಕೆ ಖಣಿಯಲ್ಲೇ ಕಲಿತಳಂತೆ. "ದಮ್ ತಗೋರಿ" ಅಂತ ಮುಕದ್ದಮ ಕೂಗಿದರೆ ಬುಟ್ಟಿ ಇಳಿಸಿ ಕೂಡಬಹುದಿತ್ತು, ಆ ಕೂಗಿಗೆ ಕಾಯುತ್ತಿದ್ದೆವು ಅಂತಾಳ.

ಕಲಬುರಗಿಯಿಂದ ಮನೆಗೆ ಬಂದ ಮೇಲೆ ನಾನು ಒಂದು ಹಾಳೆ ತಯಾರು ಮಾಡಿದೆ. ಮುಂದೆ ಯಾವ ಊರಿನ ಡಾಕ್ಟರ ಹತ್ತಿರ ಹೋದರೂ ತೋರಿಸಲು. ಎಡಕ್ಕೆ ಆಯಿಯ ಮಾತು, ಬಲಕ್ಕೆ ಅವರಿಗೆ ತಿಳಿಯುವ ಮಾತು. ದಮ್ ಹತ್ತೋದು, ಏದುಸಿರು. ಚಕ್ಕರ್, ತಲೆಸುತ್ತು. ಸಂಡಾಸ, ಮಲವಿಸರ್ಜನೆ. ಜಡ್ಡು, ಕಾಯಿಲೆ. ಬ್ಯಾನಿ, ನೋವು. ಲ್ಯಾಮಿನೇಶನ್ ಮಾಡಿಸುವ ಮುಂಚೆ ಆಯಿಗೆ ಓದಿ ಹೇಳಿದೆ. ಎಲೆ-ಅಡಕಿ ಚಂಚಿ ಬಿಚ್ಚುತ್ತಾ ಕೇಳಿದಳು, ಎಲ್ಲಕ್ಕೂ ಹೂಂ ಅಂದಳು, ಕೊನೆಯದಕ್ಕೆ ಬೇಡ ಅಂದಳು.

"ಬ್ಯಾನಿ ಬ್ಯಾರೆ, ನೋವು ಬ್ಯಾರೆ. ಮೊಣಕಾಲಿಂದು ಬ್ಯಾನಿ. ನಿಮ್ಮ ಮುತ್ಯಾ ಹ್ವಾದಾಗ ಆಗಿದ್ದು ನೋವು. ಡಾಕ್ಟರ ಮುಂದ ನೋವು ಅಂತ ಹ್ಯಾಂಗ ಹೇಳ್ಲಿ?"

ಆ ಸಾಲಿನ ಬಲಗಡೆ ಖಾಲಿ ಬಿಟ್ಟಿದ್ದೇನೆ. ನಿಮ್ಮ ಊರಲ್ಲಿ ಏನಂತಾರ, ಗೊತ್ತಿದ್ರ ಹೇಳ್ರಿ. ಮುಂದಿನ ಸಂಚಿಕೆಯಲ್ಲಿ ಹಗೇವು, ನೆಲದಾಗ ಜ್ವಾಳ ಹೂಳಿ ಇಡೋ ಹಗೇವಿನ ಬಗ್ಗೆ ಮಾತಾಡೋಣು. ಶರಣು.